ಬಾವಿಯೊಳಗಿನ ಕೆಂಪು ಪಟ್ಟಿ: ಡೈನೋಸಾರ್‌ಗಳನ್ನು ಕೊಂದದ್ದು ನಮ್ಮ ಕರಿ ಕಲ್ಲೇ?

ಆಳಂದ ತಾಲ್ಲೂಕಿನಲ್ಲಿ ನಮ್ಮ ಸೋದರಮಾವನ ಹೊಲದಾಗ ಒಂದು ಹಳೇ ಬಾವಿ ಇದೆ. ಬೇಸಿಗೆಯಲ್ಲಿ ನೀರು ತಳ ಹಿಡಿದಾಗ ಅದರ ಒಳಗೋಡೆ ಪೂರ್ತಿ ಕಾಣುತ್ತದೆ. ಮೇಲೆ ಎರಿ ಮಣ್ಣು. ಅದರ ಕೆಳಗೆ ಪುಡಿಪುಡಿ ಮುರುಮ್. ಆಮೇಲೆ ಗಟ್ಟಿ ಕರಿ ಕಲ್ಲು. ಆ ಕರಿ ಕಲ್ಲನ್ನು ಸೀಳಿದ ಹಾಗೆ ಮಧ್ಯದಲ್ಲೊಂದು ಇಟ್ಟಿಗೆ ಬಣ್ಣದ ಪಟ್ಟಿ, ಹೆಚ್ಚೆಂದರೆ ಒಂದು ಮೊಳ ದಪ್ಪ. ಅದರ ಕೆಳಗೆ ಮತ್ತೆ ಕರಿ ಕಲ್ಲು. ಸಣ್ಣವನಿದ್ದಾಗ ಅದೇನು ಅಂತ ಕೇಳಿದ್ದೆ. ಬಾವಿ ತೋಡುವವರಿಂದ ಕೇಳಿದ ಮಾತನ್ನೇ ಮಾವ ನನಗೆ ಹೇಳಿದ್ದರು: "ಕೆಂಪು ಪಟ್ಟಿ ಬಂತಂದ್ರ ಒಂದು ಕಲ್ಲು ಮುಗೀತು, ಇನ್ನೊಂದು ಶುರು ಅಂತ ತಿಳ್ಕೊ ತಮ್ಮ."

ಡೈನೋಸಾರ್‌ಗಳು ಹೇಗೆ ಸತ್ತವು ಅನ್ನುವ ಜಗಳದಲ್ಲಿ ಅಮೆರಿಕದ ಪ್ರಿನ್ಸ್‌ಟನ್, ಬರ್ಕ್ಲಿ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ಇವತ್ತಿಗೂ ತಲೆ ಕೆಡಿಸಿಕೊಂಡಿರುವುದು ಇದೇ ಮಾತಿಗೆ. ಒಂದು ಕಲ್ಲು ಯಾವಾಗ ಮುಗಿಯಿತು? ಇನ್ನೊಂದು ಯಾವಾಗ ಶುರುವಾಯಿತು? ನಡುವೆ ಎಷ್ಟು ಬಿಡುವಿತ್ತು?

ಶಾಲೆಯ ಮಕ್ಕಳಿಗೂ ಗೊತ್ತಿರುವ ಕಥೆಯನ್ನು ಮೊದಲು ಮುಗಿಸಿಬಿಡೋಣ. 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಸುಮಾರು 10 ಕಿಲೋಮೀಟರ್ ಅಗಲದ ಬಾಹ್ಯಾಕಾಶದ ಕಲ್ಲೊಂದು ಭೂಮಿಗೆ ಬಡಿಯಿತು. ಇದನ್ನು 1980ರಲ್ಲಿ ಗಟ್ಟಿಯಾಗಿ ಹೇಳಿದವರು ಅಮೆರಿಕದ ಲೂಯಿಸ್ ಆಲ್ವಾರೆಝ್, ಅವರ ಮಗ ವಾಲ್ಟರ್ ಮತ್ತು ಇಬ್ಬರು ಸಂಗಡಿಗರು. ಅಪ್ಪ ಭೌತಶಾಸ್ತ್ರದ ನೊಬೆಲ್ ಪಡೆದವರು, ಮಗ ಭೂವಿಜ್ಞಾನಿ. ಇಟಲಿಯ ಗುಬ್ಬಿಯೊ ಊರಿನ ಹತ್ತಿರ, ಸುಣ್ಣದ ಕಲ್ಲಿನ ನಡುವಿನ ತೆಳು ಜೇಡಿ ಪದರದಲ್ಲಿ ಅವರಿಗೆ ಇರಿಡಿಯಂ ಸಿಕ್ಕಿತು. ಈ ಲೋಹ ನೆಲದ ಮೇಲ್ಪದರದಲ್ಲಿ ತೀರಾ ಅಪರೂಪ. ಆಕಾಶದಿಂದ ಬೀಳುವ ಕಲ್ಲುಗಳಲ್ಲಿ ಜಾಸ್ತಿ. 1991ರ ಹೊತ್ತಿಗೆ ಕಲ್ಲು ಬಿದ್ದ ಜಾಗವೂ ಗುರುತಾಯಿತು. ಅದು ಮೆಕ್ಸಿಕೊದ ಯುಕಟಾನ್‌ನಲ್ಲಿ ಹೂತುಹೋಗಿರುವ ಚಿಕ್ಶುಲುಬ್ ಕುಳಿ, ಅಗಲ ಸುಮಾರು 180 ಕಿಲೋಮೀಟರ್. ಕಲಬುರಗಿಯಲ್ಲಿ ಒಂದು ಅಂಚಿಟ್ಟರೆ ಇನ್ನೊಂದು ಅಂಚು ಹೈದರಾಬಾದಿನ ಸಮೀಪ ಹೋಗುತ್ತದೆ.

ಇದಕ್ಕೆ ಎದುರು ನಿಂತಿರುವ ಕಥೆ ಮಾತ್ರ ನಮ್ಮ ಕಾಲ ಕೆಳಗಿನದು.

ನಾವು ಸುಮ್ನೆ ಕರಿ ಕಲ್ಲು ಅನ್ನುವುದು ಬಸಾಲ್ಟ್, ಅಂದರೆ ತಣ್ಣಗಾದ ಲಾವಾ. ಮಹಾರಾಷ್ಟ್ರದ ಬಹುಪಾಲು, ಗುಜರಾತ್ ಮತ್ತು ಮಧ್ಯಪ್ರದೇಶದ ದೊಡ್ಡ ಭಾಗ, ನಮ್ಮ ಬೀದರ್ ಜಿಲ್ಲೆ, ಕಲಬುರಗಿಯ ಉತ್ತರದ ತಾಲ್ಲೂಕುಗಳು ಈ ಲಾವಾದ ಮೇಲೆ ಕೂತಿವೆ. ಇದಕ್ಕೆ ಡೆಕ್ಕನ್ ಟ್ರ್ಯಾಪ್ಸ್ ಅಂತ ಹೆಸರು. ಟ್ರ್ಯಾಪ್ ಅಂದರೆ ಇಲ್ಲಿ ಬಲೆ ಅಲ್ಲ. ಮೆಟ್ಟಿಲು ಅನ್ನುವ ಅರ್ಥದ ಸ್ವೀಡಿಷ್ ಪದದಿಂದ ಬಂದದ್ದು. ಆಳಂದದಿಂದ ಬಸವಕಲ್ಯಾಣದ ಕಡೆ ಹೋಗುವಾಗ ತಲೆ ಸಪಾಟಾದ, ಮೆಟ್ಟಿಲು ಮೆಟ್ಟಿಲಾದ ಗುಡ್ಡಗಳು ಕಾಣುತ್ತವಲ್ಲ, ಹೆಸರು ಯಾಕೆ ಬಂತು ಅಂತ ಅವನ್ನು ನೋಡಿದರೆ ಗೊತ್ತಾಗುತ್ತದೆ. ಇವತ್ತು ಉಳಿದಿರುವುದೇ ಸುಮಾರು 5 ಲಕ್ಷ ಚದರ ಕಿಲೋಮೀಟರ್. ಕರ್ನಾಟಕದ ಎರಡೂವರೆ ಪಟ್ಟು.

ಪಶ್ಚಿಮ ಘಟ್ಟದ ಮಹಾಬಲೇಶ್ವರದ ಕಡೆ ಈ ಲಾವಾ ರಾಶಿ 2 ಕಿಲೋಮೀಟರಿಗೂ ಜಾಸ್ತಿ ದಪ್ಪ. ಪೂರ್ವಕ್ಕೆ ಬಂದಂತೆ ತೆಳ್ಳಗಾಗುತ್ತದೆ. 1993ರ ಭೂಕಂಪದ ನಂತರ ಕಿಲ್ಲಾರಿಯಲ್ಲಿ ಕೊರೆದು ನೋಡಿದಾಗ ಅಲ್ಲಿ 338 ಮೀಟರ್ ಬಸಾಲ್ಟ್ ಇತ್ತು. ಇನ್ನೂ ಈಚೆ ಬಂದರೆ ಚಿಂಚೋಳಿ, ಸೇಡಂ, ಗುರುಮಠಕಲ್ ಕಡೆ ಲಾವಾದ ಅಂಚೇ ಬಂದುಬಿಡುತ್ತದೆ. ಆಚೆಗೆ ಶಹಾಬಾದ್ ಕಲ್ಲಿನ ಸೀಮೆ, ಅದರಾಚೆ ಯಾದಗಿರಿ ಕೋಟೆ ಕೂತಿರುವ ಗ್ರಾನೈಟ್ ಗುಡ್ಡ. ನಮ್ಮ ಮೂರು ಜಿಲ್ಲೆಗಳಷ್ಟು ಚೊಕ್ಕವಾಗಿ ಈ ಅಂಚು ತೋರಿಸುವ ಜಾಗ ಕಡಿಮೆ. ಆದರೆ ವಾಡಿ, ಮಳಖೇಡದ ಸಿಮೆಂಟ್ ಫ್ಯಾಕ್ಟರಿಗಳ ಗಣಿಗಳಲ್ಲಿ ಡೈನೋಸಾರ್ ಹುಡುಕಲು ಹೋಗಬೇಡಿ. ಆ ಸುಣ್ಣದ ಕಲ್ಲು ಡೈನೋಸಾರ್‌ಗಿಂತ ಎಷ್ಟೋ ಕೋಟಿ ವರ್ಷ ಹಳೆಯದು. ಅದು ಹುಟ್ಟುವಾಗ ನೆಲದ ಮೇಲೆ ಓಡಾಡುವ ಪ್ರಾಣಿಯೇ ಇರಲಿಲ್ಲ.

ಬೀದರ್ ಕೋಟೆಯ ಕೆಂಪು ಕಲ್ಲಿನ ಕಥೆ ಇನ್ನೊಂದು ಥರ. ಅದು ಲ್ಯಾಟರೈಟ್. ಇದೇ ಬಸಾಲ್ಟ್ ಮಳೆ ಬಿಸಿಲಿಗೆ ಸಿಕ್ಕಿ, ಕೊಳೆತು, ಕಬ್ಬಿಣದ ಅಂಶ ಮಾತ್ರ ಗಟ್ಟಿಯಾಗಿ ಉಳಿದು ಆದದ್ದು. ಮೇಲಿನ ಲ್ಯಾಟರೈಟ್ ನೀರು ಕುಡಿಯುತ್ತದೆ, ಕೆಳಗಿನ ಪದರ ಬಿಡುವುದಿಲ್ಲ. ನೀರು ನಡುವೆ ನಿಲ್ಲುತ್ತದೆ. ಬಹಮನಿ ಕಾಲದವರು ಈ ಗುಟ್ಟು ಹಿಡಿದೇ ನೌಬಾದಿನ ಸುರಂಗ ಬಾವಿ ಕೊರೆದರು. ನಮ್ಮ ತೊಗರಿ, ಬಿಳಿ ಜೋಳ ಬೆಳೆಯುವ ಎರಿ ಮಣ್ಣೂ ಈ ಲಾವಾದ ಕೂಸೇ. ಹಾಗಾಗಿ ಈ ಲಾವಾ ಕೊಲೆಗಾರ ಅಂತ ಯಾರಾದರೂ ಹೇಳಿದರೆ ನನಗೆ ಸ್ವಲ್ಪ ಕಸಿವಿಸಿ ಆಗುತ್ತದೆ, ಮುಚ್ಚಿಡುವುದೇನು.

ಆರೋಪ ಏನು ಅಂತ ನೋಡೋಣ. ಜ್ವಾಲಾಮುಖಿ ಅಂದ ತಕ್ಷಣ ನಮಗೆ ಕಣ್ಣಿಗೆ ಬರುವುದು ತುದಿಯಲ್ಲಿ ಬೆಂಕಿ ಉಗುಳುವ ಬೆಟ್ಟ. ಇಲ್ಲಿ ಆದದ್ದು ಹಾಗಲ್ಲ. ಆಗ ಭಾರತ ಒಂಟಿ ದ್ವೀಪದ ಹಾಗೆ ಉತ್ತರಕ್ಕೆ ತೇಲುತ್ತಿತ್ತು. ಈಗ ಹಿಂದೂ ಮಹಾಸಾಗರದಲ್ಲಿ ರಿಯೂನಿಯನ್ ದ್ವೀಪ ಇರುವ ಕಡೆ, ಭೂಮಿಯ ಆಳದ ಬಿಸಿ ಬುಗ್ಗೆಯೊಂದರ ಮೇಲೆ ಹಾದುಹೋಯಿತು. ನೆಲ ಉದ್ದುದ್ದ ಸೀಳಿ ಬಿರುಕುಗಳಿಂದ ಲಾವಾ ಉಕ್ಕಿತು. ಹಾಲು ಉಕ್ಕಿ ಒಲೆ ಕಟ್ಟೆ ಮೇಲೆ ಹರಿದ ಹಾಗೆ ಸಪಾಟಾಗಿ ಹರಿಯಿತು. ಕೆಲವು ಹರಿವುಗಳು ಘಟ್ಟದ ಕಡೆಯಿಂದ ಹೊರಟು ಸುಮಾರು 1000 ಕಿಲೋಮೀಟರ್ ದೂರದ ರಾಜಮಂಡ್ರಿವರೆಗೆ ಮುಟ್ಟಿವೆ.

ಆದರೆ ಲಾವಾ ತಾನೇ ಹರಿದು ಹೋಗಿ ಮಂಗೋಲಿಯಾದ ಡೈನೋಸಾರನ್ನು ಸುಡಲಾರದು. ಕೊಲ್ಲುವುದು ಅದರ ಜೊತೆ ಬರುವ ಗಾಳಿ. ಗಂಧಕದ ಅನಿಲ ಮೇಲೇರಿ ಬಿಸಿಲು ತಡೆಯುತ್ತದೆ, ಚಳಿ ತರುತ್ತದೆ, ಆಮ್ಲ ಮಳೆ ಸುರಿಸುತ್ತದೆ. ಇಂಗಾಲದ ಡೈ ಆಕ್ಸೈಡ್ ನಿಧಾನಕ್ಕೆ ಭೂಮಿಯನ್ನು ಕಾಯಿಸುತ್ತದೆ. ಮನುಷ್ಯರು ಕಣ್ಣಾರೆ ಕಂಡ ಸಣ್ಣ ಉದಾಹರಣೆ ಒಂದಿದೆ. 1783ರಲ್ಲಿ ಐಸ್‌ಲ್ಯಾಂಡಿನ ಲಾಕಿ ಬಿರುಕು ಬಾಯಿ ಬಿಟ್ಟಿತು. ಎಂಟು ತಿಂಗಳಲ್ಲಿ ಸುಮಾರು 15 ಘನ ಕಿಲೋಮೀಟರ್ ಲಾವಾ ಹೊರಬಂತು. ಆ ದೇಶದ ಅರ್ಧಕ್ಕೂ ಹೆಚ್ಚು ಜಾನುವಾರು ಸತ್ತವು. ಬರ ಬಿದ್ದು ಜನಸಂಖ್ಯೆಯ ಐದರಲ್ಲಿ ಒಂದು ಪಾಲು ಹೋಯಿತು. ಡೆಕ್ಕನ್ ಲಾವಾ ಒಟ್ಟು ಎಷ್ಟು? ಅಂದಾಜು 10 ಲಕ್ಷ ಘನ ಕಿಲೋಮೀಟರ್ ಆಸುಪಾಸು.

ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟರೆ ಕೇಸು ಅಲ್ಲಿಗೇ ಮುಗಿಯಿತು ಅನ್ನಿಸುತ್ತದೆ, ಅಲ್ವಾ? ಅಮೆರಿಕದ ಡೀವಿ ಮೆಕ್‌ಲೀನ್ 1980ರ ಆಸುಪಾಸಿನಲ್ಲೇ ಈ ವಾದ ಹೂಡಿದ್ದರು. ಫ್ರಾನ್ಸಿನ ವಿನ್ಸೆಂಟ್ ಕೂರ್ತಿಯೊ ಡೆಕ್ಕನ್ ಲಾವಾದ ವಯಸ್ಸು ಡೈನೋಸಾರ್‌ಗಳ ಕೊನೆಗಾಲಕ್ಕೆ ಹೊಂದುತ್ತದೆ ಅಂತ ತೋರಿಸಿದರು. ಪ್ರಿನ್ಸ್‌ಟನ್ನಿನ ಗೆರ್ಟಾ ಕೆಲ್ಲರ್ ಅಂತೂ ದಶಕಗಟ್ಟಲೆ ಒಬ್ಬರೇ ಎಂಬಂತೆ ಕಾದಾಡಿದರು. ಚಿಕ್ಶುಲುಬ್ ಕಲ್ಲು ಬಿದ್ದದ್ದು ಸಾವುಗಳಿಗೆ 3 ಲಕ್ಷ ವರ್ಷ ಮೊದಲೇ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಅಂತ ಅವರ ವಾದ. ಆ ಒಂದು ಮಾತು ನಿಲ್ಲಲಿಲ್ಲ. ಕಲ್ಲು ಬಿದ್ದದ್ದಕ್ಕೂ ಸಾವುಗಳಿಗೂ ಹೆಚ್ಚೆಂದರೆ 32,000 ವರ್ಷದ ಅಂತರ ಅಂತ 2013ರಲ್ಲಿ ಪಾಲ್ ರೆನ್ನೆ ತಂಡ ಅಳೆದು ಹೇಳಿತು. ಆದರೂ ಕೆಲ್ಲರ್ ಇಲ್ಲದಿದ್ದರೆ ಡೆಕ್ಕನ್ ಕಡೆ ಇಷ್ಟು ಜನ ತಿರುಗಿ ನೋಡುತ್ತಿರಲಿಲ್ಲ ಅನ್ನುವುದು ನನ್ನ ಲೆಕ್ಕ.

ಲಾವಾ ಪಕ್ಷದವರ ಕೈಯಲ್ಲಿ ಇನ್ನೊಂದು ಬಲವಾದ ಅಸ್ತ್ರವಿದೆ. ಭೂಮಿಯ ಇತಿಹಾಸದಲ್ಲಿ ಅತಿ ದೊಡ್ಡ ಸಾವು ಬಿದ್ದದ್ದು ಸುಮಾರು 25 ಕೋಟಿ ವರ್ಷಗಳ ಹಿಂದೆ. ಆಗ ಸೈಬೀರಿಯಾದಲ್ಲಿ ಇಂಥದೇ ಲಾವಾ ಉಕ್ಕುತ್ತಿತ್ತು. 20 ಕೋಟಿ ವರ್ಷಗಳ ಹಿಂದೆ ಟ್ರಯಾಸಿಕ್ ಯುಗ ಮುಗಿದಾಗಲೂ ಅಟ್ಲಾಂಟಿಕ್ ಸಾಗರ ಬಿರಿಯುವ ಜಾಗದಲ್ಲಿ ಲಾವಾ. ಈ ಎರಡು ಸಲವೂ ಆಕಾಶದ ಕಲ್ಲಿನ ಗಟ್ಟಿ ಗುರುತು ಇಲ್ಲ. ಹಳೇ ಪ್ರಕರಣಗಳಲ್ಲಿ ಸಿಕ್ಕಿಬಿದ್ದವನ ಮೇಲೆ ಹೊಸ ಪ್ರಕರಣದಲ್ಲೂ ಅನುಮಾನ ಬರುವುದು ಸಹಜ ತಾನೇ.

ಈಗ ಮಾವನ ಬಾವಿಗೆ ಮರಳಿ ಬರೋಣ.

10 ಲಕ್ಷ ಘನ ಕಿಲೋಮೀಟರ್ ಲಾವಾ ಒಂದೇ ವಾರ ಬಂದದ್ದಲ್ಲ. ಬಹುಪಾಲು ಸುಮಾರು 7 ಲಕ್ಷ ವರ್ಷಗಳಲ್ಲಿ ಬಂದದ್ದು. ಭಾಗಿಸಿ ನೋಡಿ. ವರ್ಷಕ್ಕೆ ಒಂದೂವರೆ ಘನ ಕಿಲೋಮೀಟರೂ ಆಗುವುದಿಲ್ಲ. ಎಂಟು ತಿಂಗಳ ಲಾಕಿಯ ಹತ್ತನೇ ಒಂದು ಪಾಲು! ಮನೆಯ ನಲ್ಲಿ ವರ್ಷವಿಡೀ ತೊಟ್ಟಿಕ್ಕಿದರೂ ಮನೆ ಮುಳುಗುವುದಿಲ್ಲ. ಅಷ್ಟೇ ನೀರು ಒಂದು ರಾತ್ರಿ ಬಂದರೆ ಕಥೆ ಬೇರೆ. ಹಾಗಾಗಿ ಒಟ್ಟು ಎಷ್ಟು ಅನ್ನುವುದರಿಂದ ಏನೂ ತೀರ್ಮಾನ ಆಗುವುದಿಲ್ಲ. ಲಾವಾ ಸಮನಾಗಿ ತೊಟ್ಟಿಕ್ಕಿತೋ, ಹಠಾತ್ತಾಗಿ ಉಕ್ಕಿ ಉಕ್ಕಿ ಬಂತೋ? ನಡುವಿನ ಬಿಡುವು ಎಷ್ಟು?

ಬಿಡುವಿನ ಸಾಕ್ಷಿ ಆ ಕೆಂಪು ಪಟ್ಟಿ. ಒಂದು ಹರಿವು ತಣ್ಣಗಾದ ಮೇಲೆ ಮೇಲ್ಭಾಗ ಗಾಳಿ ಮಳೆಗೆ ಕರಗಿ ಮಣ್ಣಾಗುತ್ತದೆ. ದೂರದ ಜ್ವಾಲಾಮುಖಿಯ ಬೂದಿ ಬಂದು ಅದರಲ್ಲಿ ಸೇರುತ್ತದೆ. ಆಮೇಲೆ ಮುಂದಿನ ಲಾವಾ ಅದರ ಮೇಲೆ ಹರಿಯುತ್ತದೆ. ಅಂಥ ಒಂದು ಪಟ್ಟಿ ಆಗಲು ಸಾವಿರಾರು ವರ್ಷ ಬೇಕು. ಬಿಡುವಿನಲ್ಲಿ ಮಳೆ ನೀರು ನಿಂತು ಕೆರೆಗಳೂ ಆಗುತ್ತಿದ್ದವು. ಆ ಕೆರೆಗಳ ಕೆಸರು ಲಾವಾ ಪದರಗಳ ನಡುವೆ ಸಿಕ್ಕಿಕೊಂಡು ಇವತ್ತಿಗೂ ಉಳಿದಿದೆ.

ಗುರುಮಠಕಲ್ ಕಡೆಯ ಇಂಥ ಪದರಗಳಲ್ಲಿ ಸಿಹಿನೀರಿನ ಪುಟ್ಟ ಚಿಪ್ಪುಜೀವಿಗಳು, ನೀರುಸಸ್ಯಗಳ ಬೀಜದಂಥ ಭಾಗಗಳು ಸಿಕ್ಕಿವೆ. ಸಾಸಿವೆಗಿಂತ ಸಣ್ಣವು, ಸೂಕ್ಷ್ಮದರ್ಶಕ ಬೇಕು. ಅಂದರೆ ಲಾವಾ ಬಂತು, ಆರಿತು, ಕೆರೆ ಆಯಿತು, ಜೀವ ಮರಳಿತು. ವಾಡಿಯಿಂದ ಸೇಡಂ, ತಾಂಡೂರ್ ದಾಟಿ ಹೈದರಾಬಾದಿಗೆ ರೈಲಿನಲ್ಲಿ ಹೋಗುವವರು ವಿಕಾರಾಬಾದ್ ನೋಡಿರುತ್ತೀರಿ. ಅಲ್ಲೇ ಹತ್ತಿರ ನಾಸ್ಕಲ್ ಅಂತ ಹಳ್ಳಿ. ಲಾವಾ ನಡುವಿನ ಕೆಸರಿನಲ್ಲಿ ಅಲ್ಲಿ ಸಿಕ್ಕ ಇಲಿಯಷ್ಟು ಪ್ರಾಣಿಯ ಹಲ್ಲುಗಳ ಬಗ್ಗೆ 1988ರಲ್ಲಿ ಜಿ.ವಿ.ಆರ್. ಪ್ರಸಾದ್ ಮತ್ತು ಅಶೋಕ್ ಸಾಹ್ನಿ ಬರೆದರು. ಅದಕ್ಕೆ ಡೆಕ್ಕನೋಲೆಸ್ಟಿಸ್ ಅಂತ ಹೆಸರಿಟ್ಟರು. ಡೈನೋಸಾರ್‌ಗಳ ಕಾಲದಲ್ಲೇ, ಲಾವಾದ ಪಕ್ಕದಲ್ಲೇ ಬದುಕಿದ್ದ ಹಾಲುಣಿಸುವ ಪ್ರಾಣಿ. ನಮ್ಮ ಮಕ್ಕಳನ್ನು ಶಾಲೆಯಿಂದ ಹೈದರಾಬಾದಿನ ಬಿರ್ಲಾ ವಿಜ್ಞಾನ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಕೋಟಾಸಾರಸ್ ಎಲುಬುಗೂಡು ತೋರಿಸುತ್ತಾರೆ, ಒಳ್ಳೆಯದೇ. ದಾರಿಯಲ್ಲಿ ವಿಕಾರಾಬಾದ್ ಬಂದಾಗ ಈ ಇಲಿಯ ಸುದ್ದಿಯನ್ನೂ ಹೇಳಬಹುದು.

ಡೈನೋಸಾರ್‌ಗಳೂ ಹಾಗೆಯೇ ಮರಳಿದವಾ? ಕಛ್‌ನ ಅಂಜಾರ್‌ನಲ್ಲಿ ಇದಕ್ಕೆ ಉತ್ತರವಿದೆ. ಅಲ್ಲಿ ಲಾವಾ ಹರಿವುಗಳ ನಡುವಿನ ಕೆಸರಿನಲ್ಲಿ ಡೈನೋಸಾರ್ ಮೂಳೆ, ಮೊಟ್ಟೆಯ ಚಿಪ್ಪು ಇವೆ. ಕೆಳಗೂ ಲಾವಾ, ಮೇಲೂ ಲಾವಾ. ಅದೇ ಕೆಸರಿನಲ್ಲಿ ಇರಿಡಿಯಂ ಇರುವುದನ್ನು ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದವರು 1990ರ ದಶಕದಲ್ಲಿ ಕಂಡರು. ನನಗೆ ಈ ಇಡೀ ಚರ್ಚೆಯಲ್ಲಿ ಅತಿ ಮುಖ್ಯ ಅನ್ನಿಸುವ ಸಾಕ್ಷಿ ಇದು. ಆಕಾಶದ ಕಲ್ಲು ಬೀಳುವ ಮೊದಲೇ ಲಾವಾ ಶುರುವಾಗಿತ್ತು ಅಂತ ಇದು ಹೇಳುತ್ತದೆ. ಜೊತೆಗೆ, ಲಾವಾ ಬಾಗಿಲಿಗೇ ಬಂದು ಹೋದ ಮೇಲೂ ಡೈನೋಸಾರ್ ವಾಪಸ್ ಬಂದು ಮೊಟ್ಟೆ ಇಟ್ಟಿತ್ತು ಅಂತಲೂ ಹೇಳುತ್ತದೆ. ಒಲೆಯ ಪಕ್ಕ ಇದ್ದವರೇ ಬದುಕಿದ್ದರೆ ದೂರದ ಅಮೆರಿಕದವರು ಅದರ ಹೊಗೆಗೆ ಸತ್ತರು ಅನ್ನುವುದು ಹೇಗೆ?

ಲಾವಾ ಪಕ್ಷದವರು ಇದಕ್ಕೂ ಉತ್ತರ ಇಟ್ಟುಕೊಂಡಿದ್ದಾರೆ. ಮೊದಮೊದಲು ಬಿಡುವು ಉದ್ದ ಇತ್ತು, ಕೊನೆಗೆ ಗಿಡ್ಡ ಆಯಿತು, ತಡೆದುಕೊಳ್ಳಲು ಆಗಲಿಲ್ಲ ಅನ್ನುತ್ತಾರೆ. ಇದನ್ನು ಪರೀಕ್ಷಿಸಲು ಗಡಿಯಾರ ಬೇಕು. 2019ರ ಫೆಬ್ರುವರಿಯಲ್ಲಿ ಒಂದೇ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಗಡಿಯಾರ ಬಂದವು. ಪ್ರಿನ್ಸ್‌ಟನ್ನಿನ ಬ್ಲೇರ್ ಶೋನೆ ತಂಡ ಘಟ್ಟಗಳಲ್ಲಿ ಇದೇ ಕೆಂಪು ಪಟ್ಟಿಗಳನ್ನು ಕೆದಕಿತು. ಬೂದಿಯ ಜೊತೆ ಬಂದ ಜಿರ್ಕಾನ್ ಹರಳುಗಳನ್ನು ಆರಿಸಿತು. ಹರಳಿನೊಳಗೆ ಯುರೇನಿಯಂ ಎಷ್ಟು ಸೀಸವಾಗಿದೆ ಅಂತ ಅಳೆದರೆ ವಯಸ್ಸು ಸಿಗುತ್ತದೆ. ಲಾವಾ ನಾಲ್ಕು ದೊಡ್ಡ ಉಕ್ಕುಗಳಲ್ಲಿ ಬಂತು, ಒಂದು ಉಕ್ಕು ಕಲ್ಲು ಬೀಳುವ ಹತ್ತಾರು ಸಾವಿರ ವರ್ಷ ಮೊದಲು ಶುರುವಾಯಿತು ಅಂತ ಅವರ ಲೆಕ್ಕ. ಬರ್ಕ್ಲಿಯ ಕೋರ್ಟ್ನಿ ಸ್ಪ್ರೇನ್ ತಂಡ ಕರಿ ಕಲ್ಲನ್ನೇ ಆರ್ಗಾನ್ ವಿಧಾನದಿಂದ, ಅಂದರೆ ಕಲ್ಲಿನೊಳಗಿನ ಪೊಟ್ಯಾಸಿಯಂ ಎಷ್ಟು ಆರ್ಗಾನ್ ಅನಿಲವಾಗಿದೆ ಅಂತ ನೋಡಿ, ಅಳೆಯಿತು. ಲಾವಾ ಹೆಚ್ಚು ಕಡಿಮೆ ಬಿಡದೆ ಹರಿಯಿತು, ಮುಕ್ಕಾಲು ಪಾಲು ಬಂದದ್ದು ಕಲ್ಲು ಬಿದ್ದ ಮೇಲೆ ಅಂತ ಅವರ ಲೆಕ್ಕ.

ಒಂದೇ ಗುಡ್ಡ, ಎರಡು ಗಡಿಯಾರ, ಎರಡು ಕಥೆ. ಸ್ಪ್ರೇನ್ ಸರಿ ಇದ್ದರೆ ಹೆಣ ಬಿದ್ದ ಮೇಲೆ ಬಂದವನ ಮೇಲೆ ಕೊಲೆ ಆರೋಪ ಹೊರಿಸಿದಂತೆ. ಇದರ ಬೆನ್ನಿಗೆ ಮೂರನೇ ಒಂದು ವಾದವೂ ಇದೆ. ಕಲ್ಲು ಬಡಿದ ಏಟಿಗೆ ಇಡೀ ಭೂಮಿ ನಡುಗಿ, ಆಗಲೇ ಕುದಿಯುತ್ತಿದ್ದ ಡೆಕ್ಕನ್ ಇನ್ನೂ ಜೋರಾಗಿ ಉಕ್ಕಿತು ಅಂತ 2015ರಲ್ಲಿ ಮಾರ್ಕ್ ರಿಚರ್ಡ್ಸ್ ಮತ್ತು ಸಂಗಡಿಗರು ಹೇಳಿದರು. ಎರಡೂ ಕಡೆಯವರಿಗೆ ಸಮಾಧಾನ ಕೊಡುವ ವಾದ. ಅದಕ್ಕೇ ನನಗೆ ಸ್ವಲ್ಪ ಅನುಮಾನ.

ಇದಕ್ಕಿಂತ ದೊಡ್ಡ ಹಾರಾಟವೂ ಇದೆ. ಮುಂಬೈ ಹೈ ತೈಲ ಪ್ರದೇಶದ ಕೆಳಗೆ ಚಿಕ್ಶುಲುಬ್‌ಗಿಂತ ದೊಡ್ಡ ಕುಳಿ ಇದೆ, ಅಲ್ಲಿ ಬಿದ್ದ ಇನ್ನೊಂದು ಕಲ್ಲೇ ಕಾರಣ ಅಂತ ಶಂಕರ್ ಚಟರ್ಜಿ ಅದಕ್ಕೆ ಶಿವ ಅಂತ ಹೆಸರಿಟ್ಟರು. ಹೆಸರು ಚೆನ್ನಾಗಿದೆ. ಹೆಚ್ಚಿನ ಭೂವಿಜ್ಞಾನಿಗಳು ಅದು ಬಿದ್ದ ಕಲ್ಲಿನ ಕುಳಿ ಅಂತ ಒಪ್ಪಿಲ್ಲ. ಇಲಿಗಳು ಮೊಟ್ಟೆ ತಿಂದು ಮುಗಿಸಿದವು, ಹೂಬಿಡುವ ಗಿಡ ವಿಷವಾಯಿತು ಅನ್ನುವ ಹಳೇ ಊಹೆಗಳನ್ನು ಇಲ್ಲಿಗೇ ಬಿಡೋಣ. ಅವು ಸಮುದ್ರದ ಜೀವಿಗಳು ಯಾಕೆ ಸತ್ತವು ಅಂತ ಹೇಳುವುದೇ ಇಲ್ಲ.

2019ರ ಆಮೇಲೆ ಬಂದದ್ದನ್ನು ಒಟ್ಟಿಗೆ ನೋಡಿದರೆ ತಕ್ಕಡಿ ಎತ್ತ ವಾಲುತ್ತಿದೆ ಅಂತ ತಿಳಿಯುತ್ತದೆ. 2020ರಲ್ಲಿ ಯೇಲ್‌ನ ಪಿನ್ಸೆಲಿ ಹಲ್ ತಂಡ ಸಮುದ್ರದ ಹಳೇ ಕೆಸರನ್ನು ಅಳೆಯಿತು. ಡೆಕ್ಕನ್ ಅನಿಲದಿಂದ ಭೂಮಿ ಸುಮಾರು 2 ಡಿಗ್ರಿ ಬಿಸಿಯಾಗಿತ್ತು ನಿಜ, ಆದರೆ ಕಲ್ಲು ಬೀಳುವಷ್ಟರಲ್ಲಿ ಅದು ಮತ್ತೆ ಇಳಿದಿತ್ತು ಅಂದಿತು. 2023ರಲ್ಲಿ ಡಾರ್ಟ್‌ಮತ್‌ನ ಅಲೆಕ್ಸಾಂಡರ್ ಕಾಕ್ಸ್ ಮತ್ತು ಬ್ರೆನ್‌ಹಿನ್ ಕೆಲ್ಲರ್ ಉಲ್ಟಾ ಹೇಳಿದರು. ನೂರಕ್ಕೂ ಹೆಚ್ಚು ಪ್ರೊಸೆಸರ್‌ಗಳಿಗೆ ಲೆಕ್ಕವನ್ನು ಹಿಂದುಮುಂದಾಗಿ ಬಿಡಿಸಲು ಕೊಟ್ಟರು. ಆಗಿನ ಹವಾಮಾನ ಕೆಡಲು ಡೆಕ್ಕನ್ ಅನಿಲವೇ ಸಾಕು ಅಂತ ಉತ್ತರ ಬಂತು. 2024ರ ಕೊನೆಗೆ ಅಮೆರಿಕದ ಹಳೇ ಸಸ್ಯಕೊಳೆಯ ಪದರಗಳನ್ನು ಅಳೆದ ಇನ್ನೊಂದು ತಂಡ ಬಂತು. ಕಲ್ಲು ಬೀಳುವ ಸುಮಾರು 30,000 ವರ್ಷ ಮೊದಲು ಸುಮಾರು 5 ಡಿಗ್ರಿ ಚಳಿ ಬಂದು ಹೋಗಿತ್ತು, 10,000 ವರ್ಷದೊಳಗೆ ಎಲ್ಲ ಮೊದಲಿನಂತಾಗಿತ್ತು ಅಂತ ಅವರು ಹೇಳಿದರು. 2025ರ ಅಕ್ಟೋಬರ್‌ನಲ್ಲಿ ನ್ಯೂ ಮೆಕ್ಸಿಕೊದ ಡೈನೋಸಾರ್ ಮೂಳೆಗಳ ಹೊಸ ಲೆಕ್ಕ ಬಂತು. ಕೊನೆಯ ಕೆಲವು ಲಕ್ಷ ವರ್ಷಗಳಲ್ಲೂ ಅವು ಸೊರಗಿರಲಿಲ್ಲ, ಬಗೆಬಗೆಯಾಗಿ ಚೆನ್ನಾಗೇ ಇದ್ದವು.

ಕಾಕ್ಸ್ ಲೆಕ್ಕವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಹವಾಮಾನ ಕೆಡುವುದು ಬೇರೆ, ನಾಲ್ಕರಲ್ಲಿ ಮೂರು ಜಾತಿ ಜೀವಿಗಳು ಸಾಯುವುದು ಬೇರೆ. ಉಳಿದ ಸಾಕ್ಷಿಗಳೆಲ್ಲ ನನಗೆ ಬಾವಿಯ ಗೋಡೆಯ ಹಾಗೇ ಕಾಣುತ್ತವೆ. ಬಿಸಿ ಬಂತು, ಹೋಯಿತು. ಚಳಿ ಬಂತು, ಹೋಯಿತು. ಲಾವಾ ಬಂತು, ಕೆಂಪು ಮಣ್ಣಾಯಿತು. ಪ್ರತಿ ಸಲವೂ ಬಿಡುವು ಸಿಕ್ಕಿತ್ತು, ಜೀವ ಮರಳಿತ್ತು. ಚಿಕ್ಶುಲುಬ್ ಕಲ್ಲು ಬಿದ್ದದ್ದು ಗಂಧಕ ತುಂಬಿದ ಬಂಡೆಗಳ ಮೇಲೆ. ಲಾವಾ ಸಾವಿರಾರು ವರ್ಷ ಕಂತು ಕಂತಾಗಿ ಬಿಡುತ್ತಿದ್ದಂಥ ಗಂಧಕ ಈ ಸಲ ಒಂದೇ ದಿನ ಮೇಲೇರಿತು, ಜೊತೆಗೆ ಮಸಿ, ದೂಳು. ವರ್ಷಗಟ್ಟಲೆ ಬಿಸಿಲು ಸರಿಯಾಗಿ ಬೀಳಲಿಲ್ಲ. ಹುಲ್ಲು ಸೊಪ್ಪಿಲ್ಲ, ಸಮುದ್ರದಲ್ಲಿ ಪಾಚಿಯಿಲ್ಲ. ಆ ಸಲ ಬಿಡುವಿರಲಿಲ್ಲ. ಹಾಗಾಗಿ ನನ್ನ ಮತ ಆಕಾಶದ ಕಲ್ಲಿಗೆ. ನಮ್ಮ ಕರಿ ಕಲ್ಲನ್ನು ಬಿಟ್ಟುಬಿಡಿ ಅಂತ ಮಾತ್ರ ಹೇಳಲಾರೆ. ಆಮೇಲೆ ಚೇತರಿಸಿಕೊಳ್ಳುವ ಹೊತ್ತಿಗೂ ಲಕ್ಷಾಂತರ ವರ್ಷ ಅದು ಅನಿಲ ಬಿಡುತ್ತಲೇ ಇತ್ತು. ಭೂಮಿಯನ್ನು ಕಾಯಿಸುವ ಆ ಅನಿಲವೇ ಚಳಿಯಿಂದ ಭೂಮಿ ಬೇಗ ಹೊರಬರಲು ನೆರವಾಯಿತು ಅನ್ನುವವರೂ ಇದ್ದಾರೆ.

2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ ನೆಲ ಗುಡುಗಿ ನಡುಗಿದಾಗ, ಕೆಳಗೆ ಲಾವಾ ಕುದಿಯುತ್ತಿದೆಯಂತೆ ಅಂತ ಹೆದರಿ ನನಗೆ ಫೋನ್ ಮಾಡಿದವರಿದ್ದರು. ಇಲ್ಲ. ಆ ಒಲೆ ಆರಿ 6 ಕೋಟಿ ವರ್ಷ ದಾಟಿದೆ. ಬಿಸಿ ಬುಗ್ಗೆ ಅಲ್ಲೇ ಸಮುದ್ರದಲ್ಲಿ ಉಳಿಯಿತು, ನಾವು ಉತ್ತರಕ್ಕೆ ಬಂದುಬಿಟ್ಟೆವು. ನಡುಗುವುದು ಹಳೇ ಬಿರುಕುಗಳ ಮೇಲಿನ ಒತ್ತಡಕ್ಕೆ.

ಹೋದ ಬೇಸಿಗೆಯಲ್ಲಿ ಇದನ್ನೆಲ್ಲ ಬಾವಿ ಕಟ್ಟೆ ಮೇಲೆ ಕೂತು ಮಾವನಿಗೆ ಹೇಳಿದೆ. ಅವರು ಪೂರ್ತಿ ಕೇಳಿದರು. ಆಮೇಲೆ ಒಳಗೆ ಬಗ್ಗಿ ನೋಡಿ, "ಹಂಗಾದ್ರ ಆ ಕೆಂಪು ಪಟ್ಟಿ ಅಂದ್ರ ಸುಗ್ಗಿ ಕಾಲ ಅನ್ನು" ಅಂದರು. ಮೆಟ್ಟಿಲಿಳಿದು ಒಂದು ಹೆಂಟೆ ಕಿತ್ತುಕೊಂಡು ಬಂದೆ. ಊರಿಂದ ಕಲಬುರಗಿ ಮುಟ್ಟುವಷ್ಟರಲ್ಲಿ ಅದು ಚೀಲದಲ್ಲಿ ಪುಡಿಯಾಗಿತ್ತು.